ಮೇಲೆ ಥಳುಕು, ತಳದಲ್ಲಿ ಹುಳುಕು

ಏಪ್ರಿಲ್ ಕೊನೆಯ ಭಾನುವಾರ. ಡೊಂಬಿವಿಲಿಯ ಮನೆಯಲ್ಲಿ ಊಟ ಮುಗಿಸಿ ಅಡ್ಡಾಗಿದ್ದೆ. ಊರಿನಿಂದ ಭಾವನ ಫೋನು ಬಂತು. ಗಂಗೊಳ್ಳಿಯಲ್ಲಿ ಅವರದು ಮೀನುಗಾರಿಕೆ. ಹಳೆಯ ಮರದ ಬೋಟು ಮಾರಿ ಈಗ ಫೈಬರ್ ಬೋಟು ಕಟ್ಟಿಸುತ್ತಿದ್ದಾರೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಮುಗಿಯುವುದರೊಳಗೆ ಬೋಟು ನೀರಿಗಿಳಿಯಲು ತಯಾರಾಗಬೇಕು.

"ಇಲ್ಲಿ ಅಂಗ್ಡಿಯಂಗೆ ಎಲ್ಲ ಸಿಕ್ಕತ್ತ್. ಆರೆ ಬೊಂಬಾಯಿ ಮಾಲ್ ಒಳ್ಳೇದ್ ಅಂಬ್ರ್. ತಳಕ್ಕೆ ಹಾಕುಕೆ ನಾಲ್ಕ್ ವಾಲ್ವ್ ಕಳ್ಸ್" ಎಂದರು.

"ಯಾವ ಲೋಹದ್ದು, ಭಾವ?"

"ಅದೆಲ್ಲ ನಂಗೆಂತ ಗೊತ್ತಾತ್ತ್? ಹಳ್ದಿ ಬಣ್ಣದ್ದ್, ಪಳಪಳ ಅಂಬ್ದ್. ನಾಲ್ಕ್ ವಾಲ್ವಿಗೆ ಎಂತಕ್ ಅಷ್ಟ್ ವಿಚಾರ?"

ಹೊರನಾಡಿನಲ್ಲಿರುವ ನಮಗೆಲ್ಲ ಇಂಥ ಫೋನು ಹೊಸದಲ್ಲ. ಊರಿನವರಿಗೆ ನಾವು ಕಳಿಸಿದ್ದೆಂದರೆ ಕಣ್ಣು ಮುಚ್ಚಿ ನಂಬಿಕೆ. ಆದರೆ 'ಹಳದಿ, ಪಳಪಳ' ಎಂದದ್ದು ಕೇಳಿ ನನ್ನ ಎದೆ ಧಸಕ್ಕೆಂದಿತು. ಅದೇ ಎರಡು ಗುಣ ನೋಡಿ ನಾನೂ ಒಮ್ಮೆ ವಾಲ್ವ್ ತಂದಿದ್ದೆ. ಅದರ ಕತೆ ಹೇಳಿದರೆ, ಮುಂದೆ ಹೇಳುವ ಲೆಕ್ಕವೆಲ್ಲ ಯಾಕೆ ಬೇಕೆಂಬುದು ತಿಳಿದೀತು.

ಪಂಪಿನ ಸದ್ದು ನಿಂತ ರಾತ್ರಿ

ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ 2003ರಲ್ಲಿ ಮುಂಬೈಗೆ ಬಂದವನು ನಾನು. ಬಂದರಿನಾಚೆ ಲಂಗರು ಹಾಕಿದ ಹಡಗುಗಳಿಗೆ ಸಿಬ್ಬಂದಿ, ದಿನಸಿ, ಬಿಡಿಭಾಗ ಮುಟ್ಟಿಸುವ ಲಾಂಚ್‌ಗಳ ರಿಪೇರಿ, ನಿರ್ವಹಣೆ ನನ್ನ ಕೆಲಸ. 2012ರಲ್ಲಿ ಒಂದು ಫೈಬರ್ ಲಾಂಚಿನ ತಳದ ಆರು ವಾಲ್ವ್‌ಗಳನ್ನು ಬದಲಿಸಬೇಕಾಯಿತು. ಮಾರುಕಟ್ಟೆಯ ಒಂದು ಅಂಗಡಿಯಲ್ಲಿ ಹಳದಿಯಾಗಿ ಹೊಳೆಯುವ ಬಾಲ್ ವಾಲ್ವ್ ತೋರಿಸಿದರು. "ಸಾಬ್, ಮರೀನ್ ಹೈ, ಬಿಂದಾಸ್ ಲಗಾವೋ" ಎಂದರು. ಬಿಲ್ಲಿನಲ್ಲಿ ಬರೆದದ್ದು 'ಬ್ರಾಸ್ ಬಾಲ್ ವಾಲ್ವ್, ಒಂದೂವರೆ ಇಂಚು' ಎಂದಷ್ಟೇ. ಓದಿಯೇ ಸಹಿ ಹಾಕಿದೆ. ಅಂದು ನನ್ನದು ಹಿತ್ತಾಳೆ ಕಿವಿ, ತಂದದ್ದೂ ಹಿತ್ತಾಳೆ. ಆರು ವಾಲ್ವ್‌ಗಳಲ್ಲಿ ಹದಿನಾಲ್ಕು ಸಾವಿರ ರೂಪಾಯಿ ಉಳಿಸಿದೆನೆಂದು ಮ್ಯಾನೇಜರ್ ಬೆನ್ನು ತಟ್ಟಿದ್ದರು.

2017ರ ಮೇ ಕೊನೆಯ ವಾರ, ಅಮಾವಾಸ್ಯೆ. ಲಾಂಚು ಜೆಟ್ಟಿಯಲ್ಲಿ ಕಟ್ಟಿತ್ತು. ಕಾವಲಿಗಿದ್ದ ಖಲಾಸಿ ಮೇಲೆ ಡೆಕ್ಕಿನಲ್ಲಿ ಮಲಗಿದ್ದ. ಒಳಗೆ ಸೇರಿದ ನೀರನ್ನು ಹೊರಹಾಕುವ ಬಿಲ್ಜ್ ಪಂಪು ತನ್ನಷ್ಟಕ್ಕೆ ಓಡುತ್ತಿತ್ತು. ಆ ಸದ್ದಿಗೆ ಅವನು ಒಗ್ಗಿಹೋಗಿದ್ದ. ನಸುಕಿನ ನಾಲ್ಕರ ಹೊತ್ತಿಗೆ ಬ್ಯಾಟರಿ ಮುಗಿದು ಪಂಪು ನಿಂತಿತು. ಸದ್ದು ನಿಂತದ್ದಕ್ಕೇ ಅವನಿಗೆ ಎಚ್ಚರವಾದದ್ದು. ಎಂಜಿನ್ ಕೋಣೆಯ ಮುಚ್ಚಳ ತೆಗೆದರೆ ಒಳಗೆ ಎದೆಮಟ್ಟ ನೀರು.

ಲಾಂಚು ಮುಳುಗಲಿಲ್ಲ. ಅದಕ್ಕೆ ನಮ್ಮ ಜಾಣತನ ಕಾರಣವಲ್ಲ. ಮುಂಬೈನಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನಡುರಾತ್ರಿ ದೊಡ್ಡ ಭರತ, ಬೆಳಗ್ಗೆ ಆರರ ಸುಮಾರಿಗೆ ದೊಡ್ಡ ಇಳಿತ. ನೀರಿನ ಮಟ್ಟ ನಾಲ್ಕೈದು ಮೀಟರಿನಷ್ಟು ಏರಿಳಿಯುತ್ತದೆ. ಆ ಹೊತ್ತಿಗೆ ಇಳಿತವಾಗುತ್ತಿದ್ದುದರಿಂದ ಲಾಂಚು ಮೆಲ್ಲಗೆ ಕೆಸರಿನ ಮೇಲೆ ಕುಳಿತಿತು. ಬೆಳಗ್ಗೆ ಎಂಟಕ್ಕೆ ಅದೇ ಲಾಂಚು ಹದಿನಾಲ್ಕು ಜನರನ್ನು ಹೊತ್ತು ಹೊರಗಿನ ಲಂಗರಿಗೆ ಹೋಗಬೇಕಿತ್ತು. ಅಲ್ಲಿ ತಳಕ್ಕೆ ಕೆಸರು ಸಿಗುವುದಿಲ್ಲ.

ನೀರು ತೆಗೆದು ನೋಡಿದೆವು. ವಾಲ್ವ್‌ನ ಹಿಡಿ, ಬಾಲು ಎಲ್ಲ ಸರಿಯಿತ್ತು. ತಳದಿಂದ ಹೊರಬರುವ ಹಿತ್ತಾಳೆಯ ಕೊಳವೆ, ವಾಲ್ವ್ ತಿರುಪಿನ ಬುಡದಲ್ಲಿ, ಕತ್ತರಿಸಿದಂತೆ ತುಂಡಾಗಿತ್ತು. ಮುರಿದ ಅಂಚು ಹಳದಿಯಾಗಿರಲಿಲ್ಲ, ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಉಗುರಿನಿಂದ ಕೆರೆದರೆ ಒಣ ಬಿಸ್ಕತ್ತಿನಂತೆ ಪುಡಿ ಉದುರಿತು. ಉಳಿದ ಐದನ್ನೂ ಬಿಚ್ಚಿಸಿದೆ. ಎರಡು ಕೈಯಲ್ಲೇ ಮುರಿದವು. ಐದು ವರ್ಷ ಪ್ರತಿ ತಿಂಗಳೂ ಟಾರ್ಚ್ ಹಿಡಿದು ನಾನೇ ಅವನ್ನು 'ಸರಿಯಿದೆ' ಎಂದು ರಿಜಿಸ್ಟರಿನಲ್ಲಿ ಬರೆದಿದ್ದೆ.

ಬೇಕೆಂದೇ ಕೊರೆದ ತೂತು

ನಮ್ಮ ಕರಾವಳಿಯ ಹಳೆಯ ಪಾತಿ ದೋಣಿಗೆ ತಳದಲ್ಲಿ ತೂತು ಬೇಕಿರಲಿಲ್ಲ. ಒಳಗೆ ಎಂಜಿನ್ ಬಂದ ಮೇಲೆ ಅದನ್ನು ತಂಪು ಮಾಡಲು ಕಡಲ ನೀರು ಬೇಕಾಯಿತು. ಡೆಕ್ ತೊಳೆಯಲು, ಬೆಂಕಿ ಆರಿಸಲು, ಶೌಚಾಲಯಕ್ಕೆ ಎಂದು ಒಂದೊಂದೇ ತೂತು ಸೇರಿತು. ತಳದ ಹಲಗೆಯನ್ನು ದಾಟಿ ಬರುವ ಕೊಳವೆಗೆ ಥ್ರೂ ಹಲ್ ಎನ್ನುತ್ತಾರೆ. ಅದರ ತಲೆಗೇ ಕೂರಿಸಿದ ವಾಲ್ವ್ ಸೀ ಕಾಕ್. ಖಲಾಸಿಗಳ ಬಾಯಲ್ಲಿ ಅದು ಬರೀ 'ವಾಲ್'.

ಅದರ ಶಕ್ತಿ ಎಷ್ಟೆಂದು ತಿಳಿಯಲು ಒಂದು ಚರಿತ್ರೆ ಸಾಕು. ಮೊದಲ ಮಹಾಯುದ್ಧದ ನಂತರ ಬ್ರಿಟಿಷರ ವಶದಲ್ಲಿದ್ದ ಜರ್ಮನ್ ನೌಕಾಪಡೆ ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋ ಕೊಲ್ಲಿಯಲ್ಲಿ ನಿಂತಿತ್ತು. 1919ರ ಜೂನ್ 21ರಂದು ಜರ್ಮನ್ ನಾವಿಕರು ತಮ್ಮ ಹಡಗುಗಳ ತಳದ ವಾಲ್ವ್‌ಗಳನ್ನು ತಾವೇ ತೆರೆದುಬಿಟ್ಟರು. ಒಂದೇ ದಿನದಲ್ಲಿ 52 ಯುದ್ಧನೌಕೆಗಳು ತಳ ಸೇರಿದವು. ಫಿರಂಗಿ ಬೇಕಾಗಲಿಲ್ಲ.

ನಮ್ಮ ಸಣ್ಣ ಬೋಟಿನ ಲೆಕ್ಕವೂ ಸುಲಭ. ನೀರಿನ ಮಟ್ಟದಿಂದ ಎರಡು ಅಡಿ ಕೆಳಗೆ ಒಂದೂವರೆ ಇಂಚಿನ ತೂತು ಬಿದ್ದರೆ ನಿಮಿಷಕ್ಕೆ ಸುಮಾರು 140 ಲೀಟರ್ ನೀರು ನುಗ್ಗುತ್ತದೆ. ನಮ್ಮ ಬಿಲ್ಡಿಂಗಿನ ತಾರಸಿಯಲ್ಲಿರುವ ಸಾವಿರ ಲೀಟರಿನ ಕಪ್ಪು ಟ್ಯಾಂಕಿ ಏಳು ನಿಮಿಷದಲ್ಲಿ ತುಂಬುವಷ್ಟು. ಬಿಲ್ಜ್ ಪಂಪಿನ ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ಪೈಪು ಮೇಲಕ್ಕೇರಿ ಬ್ಯಾಟರಿ ಕುಗ್ಗಿದ ಹೊತ್ತಿಗೆ ಅದು ಅಷ್ಟು ನೀರು ಎತ್ತುವುದಿಲ್ಲ. ಮೇಲಾಗಿ, ಕೊಳವೆ ಮುರಿದದ್ದು ವಾಲ್ವ್‌ಗಿಂತ ಕೆಳಗಾದರೆ ವಾಲ್ವ್ ಮುಚ್ಚಿ ಪ್ರಯೋಜನವೇ ಇಲ್ಲ.

ಹುಣಸೆಹಣ್ಣಿನ ಪಾಠ

ಹಿತ್ತಾಳೆ ಕೊಡಕ್ಕೆ ಹುಣಸೆಹಣ್ಣು ಮೆತ್ತಿ ತಿಕ್ಕುವುದನ್ನು ಮರೆತು ಬಿಟ್ಟರೆ ಅಲ್ಲಲ್ಲಿ ಕೆಂಪು ಕಲೆ ಏಳುವುದನ್ನು ಅಮ್ಮಂದಿರು ಬಲ್ಲರು. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ಮಾಮೂಲಿ ಹಿತ್ತಾಳೆಯಲ್ಲಿ ನೂರಕ್ಕೆ ಸುಮಾರು ನಲವತ್ತು ಪಾಲು ಸತು. ಉಪ್ಪು ನೀರಿನಲ್ಲಿ ಕುಳಿತಾಗ ಸತು ಮೆಲ್ಲಗೆ ಕರಗಿ ಹೊರಟುಹೋಗುತ್ತದೆ. ಉಳಿಯುವುದು ಸ್ಪಂಜಿನಂಥ ತಾಮ್ರ. ಆಕಾರ, ಅಳತೆ ಮೊದಲಿನಂತೆಯೇ ಇರುತ್ತದೆ, ಬಲ ಮಾತ್ರ ಇರುವುದಿಲ್ಲ. ಕಬ್ಬಿಣ ತುಕ್ಕು ಹಿಡಿದರೆ ಕಣ್ಣಿಗೆ ಕಾಣುತ್ತದೆ. ಹಿತ್ತಾಳೆ ಹೀಗೆ ಹಾಳಾದರೆ ಹೇಳುವುದೇ ಇಲ್ಲ. ಅದಕ್ಕೇ ನನ್ನ ಟಾರ್ಚು ಐದು ವರ್ಷ ಮೋಸಹೋದದ್ದು.

ಇನ್ನೊಂದು ಮಾತು. ದೋಣಿಗಳ ವಾಲ್ವ್ ಕುರಿತ 1994ರ ಐಎಸ್‌ಒ 9093 ಮಾನದಂಡ 'ತುಕ್ಕು ನಿರೋಧಕ' ಎಂಬುದಕ್ಕೆ ಕೊಟ್ಟ ಅರ್ಥ, ಐದು ವರ್ಷದ ಬಳಕೆಯಲ್ಲಿ ಸೋರಿಕೆ, ಬಲ, ಕೆಲಸ ಕೆಡಬಾರದು ಎಂಬುದು. ಫೈಬರ್ ಬೋಟು ಇಪ್ಪತ್ತು ಇಪ್ಪತ್ತೈದು ವರ್ಷ ದುಡಿಯುತ್ತದೆ. ಆದ್ದರಿಂದ ಬರೀ 'ತುಕ್ಕು ನಿರೋಧಕ' ಎಂಬ ಚೀಟಿ ನೋಡಿ ಕೊಳ್ಳುವಂತಿಲ್ಲ. ಯಾವ ಲೋಹ ಎಂದೇ ಕೇಳಬೇಕು.

ಯಾವುದು ಆದೀತು, ಯಾವುದು ಆಗದು

ಮಾಮೂಲಿ ಹಿತ್ತಾಳೆ: ನೀರಿನ ಮಟ್ಟದ ಕೆಳಗೆ ಬೇಡವೇ ಬೇಡ. ಮನೆಯ ನಲ್ಲಿಗೆ ಅದು ಸಾಕು. ಮೇಲೆ ನಿಕ್ಕಲ್ ಅಥವಾ ಕ್ರೋಮ್ ಲೇಪವಿದ್ದರೂ ಒಳಗಿನದು ಅದೇ.

ಡಿಝಡ್‌ಆರ್ ಹಿತ್ತಾಳೆ: ಇದರಲ್ಲೂ ಮೂರನೇ ಒಂದು ಪಾಲಿನಷ್ಟು ಸತು ಇದೆ. ಆದರೆ ಚಿಟಿಕೆ ಆರ್ಸೆನಿಕ್ ಸೇರಿಸಿ ಸತು ಓಡಿಹೋಗದಂತೆ ಕಟ್ಟಿಹಾಕಿರುತ್ತಾರೆ. ಮೈಮೇಲೆ 'ಡಿಝಡ್‌ಆರ್' ಅಥವಾ 'ಸಿಆರ್' ಅಚ್ಚು ಇರಬೇಕು. ಬಣ್ಣ ನೋಡಿ ಇದನ್ನು ಮಾಮೂಲಿ ಹಿತ್ತಾಳೆಯಿಂದ ಬೇರ್ಪಡಿಸಲಾಗದು. ಐಎಸ್‌ಒ 6509 ಪರೀಕ್ಷೆಯ ವರದಿ ಕೇಳಿ. ತುಂಡನ್ನು ತಾಮ್ರದ ಕ್ಲೋರೈಡ್ ದ್ರಾವಣದಲ್ಲಿ 75 ಡಿಗ್ರಿ ಬಿಸಿಯಲ್ಲಿ 24 ಗಂಟೆ ಇಟ್ಟು, ಸತು ಎಷ್ಟು ಆಳದವರೆಗೆ ಹೋಗಿದೆ ಎಂದು ಅಳೆಯುವ ಪರೀಕ್ಷೆ ಅದು.

ಗನ್‌ಮೆಟಲ್: ನಮ್ಮ ಮಾತಿನಲ್ಲಿ ಕಂಚಿನ ಬಳಗದ್ದು. 85 ಪಾಲು ತಾಮ್ರ, ತವರ, ಸತು, ಸೀಸ ತಲಾ 5. ಭಾರತೀಯ ಮಾನಕ ಐಎಸ್ 318ರಲ್ಲಿ ಇದರ ಹೆಸರು ಎಲ್‌ಟಿಬಿ 2. ಸತು ಕಡಿಮೆ, ತವರ ಇರುವುದರಿಂದ ಕಡಲ ನೀರಿಗೆ ಬಹುಕಾಲ ಎದೆಯೊಡ್ಡುತ್ತದೆ. ಮರದ, ಫೈಬರಿನ ಬೋಟುಗಳಿಗೆ ನನ್ನ ಮೊದಲ ಆಯ್ಕೆ ಇದೇ.

ಸ್ಟೇನ್‌ಲೆಸ್ ಸ್ಟೀಲ್: 'ತುಕ್ಕೇ ಹಿಡಿಯದು' ಎಂದು ಮಾರುತ್ತಾರೆ. ಅದನ್ನು ಕಾಯುವುದು ಮೇಲಿನ ತೆಳು ಪೊರೆ. ಆ ಪೊರೆಗೆ ಆಮ್ಲಜನಕ ಬೇಕು. ವಾಷರಿನ ಅಡಿಯಲ್ಲಿ, ತಿರುಪಿನ ಸಂದಿಯಲ್ಲಿ, ಅಂಟಿಕೊಂಡ ಚಿಪ್ಪಿನ ಕೆಳಗೆ ನಿಂತ ನೀರಿನಲ್ಲಿ ಅದು ಸಿಗದು. ಅಲ್ಲಿ ಸೂಜಿ ಚುಚ್ಚಿದಂತೆ ಕುಳಿ ಬೀಳುತ್ತದೆ. 304 ದರ್ಜೆ ಖಂಡಿತ ಬೇಡ. 316 ಡೆಕ್ಕಿನ ಮೇಲೆ ಒಳ್ಳೆಯದು, ತಳದಲ್ಲಿ ಸದಾ ಮುಳುಗಿರುವ ಜಾಗಕ್ಕೆ ನಾನು ಹಾಕುವುದಿಲ್ಲ.

ಗಾಜಿನೆಳೆ ಸೇರಿಸಿದ ನೈಲಾನ್: ಇದಕ್ಕೆ ತುಕ್ಕೂ ಇಲ್ಲ, ವಿದ್ಯುತ್ತಿನ ಕಾಟವೂ ಇಲ್ಲ. ದೋಣಿಗೆಂದೇ ತಯಾರಿಸಿದ್ದಾದರೆ ಒಳ್ಳೆಯ ಆಯ್ಕೆ. ಆದರೆ ತಿಂಗಳುಗಟ್ಟಲೆ ತಿರುಗಿಸದೆ ಬಿಟ್ಟು, ಆಮೇಲೆ ಬಲವಂತ ಮಾಡಿದರೆ ಹಿಡಿ ಮುರಿದೀತು. ಬೆಂಕಿಯ ಭಯವಿರುವ ಎಂಜಿನ್ ಕೋಣೆಯಲ್ಲಿ ನಾನು ಲೋಹವನ್ನೇ ಹಾಕುತ್ತೇನೆ. ಮನೆಯ ಪ್ಲಂಬಿಂಗಿನ ಬಿಳಿ ಪಿವಿಸಿ ವಾಲ್ವ್ ಇದಲ್ಲ. ಅದನ್ನು ಬೋಟಿಗೆ ಹಾಕಿದ್ದನ್ನೂ ನೋಡಿದ್ದೇನೆ.

ಸ್ಟೀಲ್ ಬೋಟಾದರೆ ಲೆಕ್ಕವೇ ಬೇರೆ. ಮಲ್ಪೆ, ಮಂಗಳೂರಿನ ಕಡೆಯೂ ಈಗ ಸ್ಟೀಲ್ ಬೋಟುಗಳಿವೆ. ಉಪ್ಪು ನೀರಿನಲ್ಲಿ ಗನ್‌ಮೆಟಲ್ ಮತ್ತು ಸ್ಟೀಲ್ ನೇರ ತಾಗಿಕೊಂಡಿದ್ದರೆ ಅದೊಂದು ಬ್ಯಾಟರಿಯಾಗಿ, ಸುತ್ತಲಿನ ಸ್ಟೀಲ್ ತಗಡು ಸವೆಯುತ್ತದೆ. ವಾಲ್ವ್ ಉಳಿದು ಬೋಟಿಗೇ ತೂತು. ಇಲ್ಲಿ ದಪ್ಪ ಸ್ಟೀಲ್ ಕೊಳವೆಯನ್ನು ತಳಕ್ಕೆ ಬೆಸೆದು, ಅದರ ಮೇಲಿನ ಫ್ಲ್ಯಾಂಜಿಗೆ ವಾಲ್ವ್ ಕೂರಿಸಬೇಕು. ನಡುವೆ ವಿದ್ಯುತ್ ಹರಿಯದ ಗ್ಯಾಸ್ಕೆಟ್ಟು, ಬೋಲ್ಟುಗಳಿಗೂ ಅಂಥದೇ ತೋಳು ಹಾಕಬೇಕು. ಅಲ್ಯೂಮಿನಿಯಂ ಬೋಟಿಗಂತೂ ತಾಮ್ರದ ಬಳಗದ್ದು ಹತ್ತಿರವೂ ಸುಳಿಯಬಾರದು. ಅಲ್ಲಿ ನೈಲಾನೇ ಸರಿ.

ಮುಂಬೈ ನೀರಿನ ಗುಣ

ಪುಸ್ತಕದಲ್ಲಿ ಬರೆದ ಆಯಸ್ಸು ಶುದ್ಧ ಕಡಲ ನೀರಿನದು. ನಮ್ಮ ಬಂದರಿನ ನೀರಿಗೆ ಕೊಳಚೆ ಸೇರುತ್ತದೆ. ಕೊಳೆತ ಕೆಸರಿನಿಂದ ಏಳುವ ಕೊಳೆ ಮೊಟ್ಟೆಯ ವಾಸನೆ ಗಂಧಕದ ಅನಿಲದ್ದು. ಅದು ಕರಗಿದ ನೀರು ಗನ್‌ಮೆಟಲ್ಲನ್ನೂ ಬೇಗ ಸವೆಸುತ್ತದೆ. ಇಳಿತದಲ್ಲಿ ಕೆಸರಿನ ಮೇಲೆ ಕೂರುವ ದೋಣಿಗಳಿಗೆ ಈ ಕಾಟ ಹೆಚ್ಚು. ನೀರಿನಲ್ಲಿರುವ ನುಣ್ಣನೆಯ ಹೂಳು ಬಾಲ್ ವಾಲ್ವ್‌ನ ಒಳಗೆ ಸೇರಿ ಸೀಟನ್ನು ಗೀರುತ್ತದೆ. ಪ್ಲಾಸ್ಟಿಕ್ ಚೀಲ ಬಂದು ಬಾಯಿ ಮುಚ್ಚುವುದಂತೂ ದಿನದ ಮಾತು. ಹೀಗಾಗಿ ಎಂಥ ಒಳ್ಳೆಯ ವಾಲ್ವ್ ಹಾಕಿದರೂ ವರ್ಷಕ್ಕೊಮ್ಮೆ ಬಿಚ್ಚಿ ನೋಡುವುದು ತಪ್ಪದು. ಮಳೆಗಾಲಕ್ಕೆ ದಡಕ್ಕೆಳೆದ ಹೊತ್ತೇ ಅದಕ್ಕೆ ಸರಿ. ಕೋಳಿ ಜನ ನಾರಳಿ ಹುಣ್ಣಿಮೆಗೆ ತೆಂಗಿನಕಾಯಿ ಅರ್ಪಿಸಿ ಕಡಲಿಗಿಳಿಯುವ ಮುಂಚೆ ಈ ಕೆಲಸ ಮುಗಿದಿರಬೇಕು.

ಅಂಗಡಿಯಲ್ಲಿ ನಿಂತಾಗ

ಮಸ್ಜಿದ್ ಸ್ಟೇಷನ್ನಿನಲ್ಲಿ ಇಳಿದು ನಡೆದರೆ ನಾಗದೇವಿ ಸ್ಟ್ರೀಟ್. ಪೈಪು, ವಾಲ್ವು, ಬೋಲ್ಟುಗಳ ಅಂಗಡಿ ಸಾಲು. ಒಳ್ಳೆಯದೂ ಅಲ್ಲೇ ಇದೆ, ಕೆಟ್ಟದ್ದೂ ಅಲ್ಲೇ ಇದೆ. ನಾನು ಈಗ ಮಾಡುವುದಿಷ್ಟು.

ಕಣ್ಣಿಗೆ ಕಾಣದ ಮೂಲೆಯಲ್ಲಿ ಅರದಿಂದ ಒಂದು ಗೀರು ಹಾಕುತ್ತೇನೆ. ಮಾಮೂಲಿ ಹಿತ್ತಾಳೆ ಹಳದಿ, ಗನ್‌ಮೆಟಲ್ ಕೆಂಪು ಮಿಶ್ರಿತ ಕಂದು. ಗೀರಲು ಬಿಡದ ಅಂಗಡಿಯಿಂದ ಹೊರಡುತ್ತೇನೆ. ಬಿಲ್ಲಿನಲ್ಲಿ ಲೋಹದ ದರ್ಜೆ ಬರೆಸುತ್ತೇನೆ. ಎರಕದ ಹೀಟ್ ನಂಬರ್ ಇರುವ ಟೆಸ್ಟ್ ಸರ್ಟಿಫಿಕೇಟ್ ಕೇಳುತ್ತೇನೆ. ಅನುಮಾನ ಬಂದರೆ ಒಂದನ್ನು ಲ್ಯಾಬಿಗೆ ಕೊಟ್ಟು ಸ್ಪೆಕ್ಟ್ರೊ ಪರೀಕ್ಷೆ ಮಾಡಿಸುತ್ತೇನೆ. ಝವೇರಿ ಬಜಾರಿನಲ್ಲಿ ಬಳೆ ಕೊಳ್ಳುವಾಗ ಚಿನ್ನವನ್ನು ಯಂತ್ರದಲ್ಲಿಟ್ಟು ನೋಡಿಸುವ ನಾವು, ಹದಿನಾಲ್ಕು ಜನರ ಜೀವ ಕಾಯುವ ಲೋಹವನ್ನು ನೋಡಿಸಲು ಯಾಕೆ ಸಂಕೋಚಪಡಬೇಕು?

ಮೈ ಮಾತ್ರ ನೋಡಿದರೆ ಸಾಲದು. ಗನ್‌ಮೆಟಲ್ ಮೈಯೊಳಗೆ ಕ್ರೋಮ್ ಬಳಿದ ಹಿತ್ತಾಳೆಯ ಬಾಲು ಇರುವುದುಂಟು. ಬಾಲು, ಅದನ್ನು ತಿರುಗಿಸುವ ಕಡ್ಡಿ, ಥ್ರೂ ಹಲ್ ಕೊಳವೆ, ಮೊಣಕೈ, ರಬ್ಬರ್ ಪೈಪು ಸಿಕ್ಕಿಸುವ ತುದಿ, ಎಲ್ಲವೂ ಒಂದೇ ಬಳಗದವಾಗಿರಬೇಕು. ನನ್ನ ಲಾಂಚಿನಲ್ಲಿ ಮುರಿದದ್ದು ವಾಲ್ವ್ ಅಲ್ಲ, ಅದರ ಪಕ್ಕದ ಕೊಳವೆ ಎಂಬುದನ್ನು ಮರೆಯಬೇಡಿ.

ದೊಡ್ಡ ಹಡಗುಗಳಿಗೆ ಈ ತಲೆನೋವು ಕಡಿಮೆ. 1975ರಲ್ಲಿ ಆರಂಭವಾಗಿ ಪೊವೈನಲ್ಲಿ ಪ್ರಧಾನ ಕಚೇರಿ ಹೊಂದಿರುವ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್‌ನಂಥ ಸಂಸ್ಥೆಗಳ ಸರ್ವೇಯರುಗಳು ವಾಲ್ವ್‌ಗಳ ಸರ್ಟಿಫಿಕೇಟನ್ನು ನೋಡುತ್ತಾರೆ. ಸಣ್ಣ ಬೋಟಿಗೆ ಸರ್ವೇಯರು, ಇನ್‌ಸ್ಪೆಕ್ಟರು ಎಲ್ಲ ಕೊಳ್ಳುವವನೇ.

ಕೂರಿಸುವುದೂ ಒಂದು ವಿದ್ಯೆ

ಥ್ರೂ ಹಲ್ ಕೊಳವೆಯ ತಿರುಪು ಸಾಮಾನ್ಯವಾಗಿ ನೇರ. ಅಂಗಡಿಯ ಬಾಲ್ ವಾಲ್ವ್‌ನ ತಿರುಪು ಹಲವು ಸಲ ಇಳಿಜಾರು. ಎರಡನ್ನೂ ಸೇರಿಸಿದರೆ ಎರಡು ಮೂರು ಸುತ್ತು ಮಾತ್ರ ಹಿಡಿದು ನಿಲ್ಲುತ್ತದೆ. ಬಿಗಿಯಾಯಿತೆಂದು ಭಾಸವಾಗುತ್ತದೆ, ಹಿಡಿತವಿರುವುದಿಲ್ಲ. ತಳಕ್ಕೇ ಬೋಲ್ಟು ಹಾಕುವ ಅಗಲ ಪಾದದ ಸೀ ಕಾಕ್ ಕೊಳ್ಳಿ. ಅದರಡಿ ದಪ್ಪ ಪ್ಯಾಡ್ ಕೂರಿಸಿ. ಅಮೆರಿಕದ ದೋಣಿ ತಯಾರಕರು ಅನುಸರಿಸುವ ಎಬಿವೈಸಿ ನಿಯಮದಂತೆ, ಕೂರಿಸಿದ ಸೀ ಕಾಕ್‌ನ ಒಳತುದಿಯ ಮೇಲೆ 500 ಪೌಂಡ್, ಅಂದರೆ ಸುಮಾರು 227 ಕಿಲೊ ಭಾರವನ್ನು ಅರ್ಧ ನಿಮಿಷ ಹೇರಿದರೂ ಅದು ಜಗ್ಗಬಾರದು. ಅತಿಯಾಯಿತು ಎನ್ನಿಸಬಹುದು. ಅಲೆಗೆ ಬೋಟು ಹೊರಳಿದಾಗ ಕಾಲು ಜಾರಿದ ಖಲಾಸಿ ಬೀಳುವುದು ಅದರ ಮೇಲೇ.

ವೈರಿಂಗನ್ನೂ ನೋಡಿ. ತಳದ ನೀರಿನಲ್ಲಿ ಬಿದ್ದ ಬಿಲ್ಜ್ ಪಂಪಿನ ತುಂಡು ವೈರಿನಿಂದ ಸೋರುವ ವಿದ್ಯುತ್ತು ವರ್ಷಗಳ ಸವೆತವನ್ನು ವಾರಗಳಲ್ಲಿ ಮುಗಿಸಬಲ್ಲದು. ಪೈಪಿಗೆ ಎರಡು ಕ್ಲಿಪ್ಪು ಹಾಕಿ. ತಿಂಗಳಿಗೊಮ್ಮೆ ಪ್ರತಿ ವಾಲ್ವನ್ನೂ ಪೂರ್ತಿ ಮುಚ್ಚಿ ತೆರೆಯಿರಿ. ವರ್ಷಕ್ಕೊಮ್ಮೆ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಲೋಹ ಠಣ್ ಎನ್ನುತ್ತದೆ, ಹಾಳಾದದ್ದು ಮಣ್ಣಿನ ಮಡಕೆಯಂತೆ ಮಂಕಾಗಿ ದನಿ ಕೊಡುತ್ತದೆ. ಗುಲಾಬಿ ಕಲೆ ಕಂಡರೆ ಮರುಮಾತಿಲ್ಲದೆ ಬದಲಿಸಿ. ಕೊನೆಯದಾಗಿ, ಪ್ರತಿ ವಾಲ್ವ್‌ನ ಪಕ್ಕ ಅದರ ಅಳತೆಯ ಮೆದು ಮರದ ಬೆಣೆಯೊಂದನ್ನು ದಾರದಲ್ಲಿ ಕಟ್ಟಿಡಿ. ಖರ್ಚು ಏನೂ ಇಲ್ಲ. ಅಂದು ನಮ್ಮ ಖಲಾಸಿಯ ಕೈಗೆ ಅದೊಂದು ಸಿಕ್ಕಿದ್ದರೆ ಲಾಂಚಿನ ಎಂಜಿನ್ ಉಳಿಯುತ್ತಿತ್ತು.

ಎಂಜಿನ್ ಬಿಚ್ಚಿ ಕಟ್ಟಲು ಆದ ಖರ್ಚು, ನಾನು ಉಳಿಸಿದ ಹದಿನಾಲ್ಕು ಸಾವಿರದ ಇಪ್ಪತ್ತು ಪಟ್ಟು ಮೀರಿತು. ಮ್ಯಾನೇಜರ್ ಏನೂ ಅನ್ನಲಿಲ್ಲ. ಆ ಖಲಾಸಿಯ ಮುಖ ನೋಡುವುದೇ ನನಗೆ ಕಷ್ಟವಾಗಿತ್ತು.

ಭಾವನಿಗೆ ನಾಲ್ಕು ಗನ್‌ಮೆಟಲ್ ಸೀ ಕಾಕ್, ಅದೇ ಲೋಹದ ಕೊಳವೆ, ನಾಲ್ಕು ಬೆಣೆ ತೆಗೆದೆ. ಬೆಲೆ ಕೇಳಿ ಅವರು ಫೋನಿನಲ್ಲೇ ಒಂದು ಗಳಿಗೆ ಸುಮ್ಮನಾದರು. "ನಿಮ್ಮ ಬೋಟಿಗೆ ಎಷ್ಟು ಜನ ಹೋಗುವುದು, ಭಾವ?" ಎಂದೆ. "ಎಂಟ್ ಜನ" ಎಂದರು. ಮತ್ತೆ ಬೆಲೆಯ ಮಾತು ಬರಲಿಲ್ಲ.

ಊರಿಗೆ ಹೊರಟಿದ್ದ ಪಕ್ಕದ ಬಿಲ್ಡಿಂಗಿನವರ ಕೈಯಲ್ಲಿ ಮತ್ಸ್ಯಗಂಧ ರೈಲಿಗೆ ಕಟ್ಟು ಕೊಟ್ಟು ಕಳಿಸಿದೆ. ದೋಣಿ ನಡೆಸುತ್ತಿದ್ದ ಹುಡುಗಿಯ ಹೆಸರಿನ ರೈಲಿನಲ್ಲಿ ದೋಣಿಯ ಸಾಮಾನು ಹೋಯಿತು. ಮರುದಿನ ಮಧ್ಯಾಹ್ನ ಭಾವನ ಫೋನು.

"ಎಂತ ಮಾರಾಯ, ಇದ್ ಕೆಂಪ್ ಕೆಂಪ್ ಇತ್ತಲೆ! ಹೊಳಪೇ ಇಲ್ಲ. ಹಳೀದ್ ಕಳ್ಸಿದ್ಯಾ?"

"ಆ ಬಣ್ಣಕ್ಕೇ ದುಡ್ಡು ಕೊಟ್ಟದ್ದು, ಭಾವ" ಎಂದೆ.